ಎರಡು ಕಾವಲು, ಒಂದು ಕಿವಿ

ಆರನೆಯ ರೊಟ್ಟಿಯ ಅಂಚು ಸೀಳದಂತೆ ಬಡಿಯುತ್ತ ನೀಲಗಂಗಾ ಮಗಳನ್ನು ಕೂಗಿದಳು. ಏಳು ವರ್ಷದ ಮುಕ್ತಾ ಆಗಲೇ ಎದ್ದು, ನಡುಮನೆಯಲ್ಲಿ ಚಾದರ ಸುತ್ತಿಕೊಂಡು ಕುಳಿತಿದ್ದಳು. ಕಿವಿಯ ಹಿಂದೆ ಕಿವಿಮಣಿ ಸರಿಯಾಗಿಯೇ ಕೂತಿತ್ತು, ಅದರ ಹಸಿರು ಚುಕ್ಕಿಯೂ ಉರಿಯುತ್ತಿತ್ತು. ಆದರೆ ಹುಡುಗಿ ಹೊರಳಿ ನೋಡಲಿಲ್ಲ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದಕ್ಕೆ ಮಾತ್ರ ತಲೆ ಎತ್ತಿ ನಕ್ಕಳು.

ಏಳು, ಹಲ್ಲುಜ್ಜು, ಸಾಲಿಗೆ ಹೊತ್ತಾತು ಎಂದು ನೀಲಗಂಗಾ ಮತ್ತೆ ನಾಲ್ಕು ಸಲ ಕೂಗಿದಳು. ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದ ಅತ್ತೆ ಬಾಳವ್ವ ಇನ್ನು ತಡೆಯಲಾರದೆ ತಾನೂ ಕೂಗಿದಳು. ಬಾಳವ್ವನ ದನಿಗೆ ಮೂರು ಮನೆಯಾಚೆಯ ಎಮ್ಮೆಯೂ ಕಿವಿ ನಿಮಿರಿಸುತ್ತದೆ. ಮುಕ್ತಾ ಹಲ್ಲಿಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ಗಂಡ ಫಕೀರೇಶ, ಟವೆಲು ಎಲ್ಲಿ ಎಂದು ತನ್ನಷ್ಟಕ್ಕೆ ಗೊಣಗಿದ. ಮುಕ್ತಾ ಚಟ್ಟನೆ ಎದ್ದು ಟವೆಲು ಹಿಡಿದು ಓಡಿದಳು.

ಅತ್ತೆ ಸೊಸೆ ಇಬ್ಬರ ಕೈಯೂ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಮೂರು ವರ್ಷದಲ್ಲಿ ಆ ಒಲೆಯ ಮೇಲೆ ಸೀದ ಮೊದಲ ರೊಟ್ಟಿ ಅದು.

ನೀಲಗಂಗಾ ಹಿಟ್ಟಿನ ಕೈಯಲ್ಲೇ ಹೋಗಿ ಮಗಳ ಮುಂದೆ ಕೂತು ಅವಳ ಹೆಸರು ಹಿಡಿದು ಕರೆದಳು. ಮುಕ್ತಾ ಅವ್ವನ ತುಟಿಗಳನ್ನು ನೋಡಿದಳು, ಕಿವಿಮಣಿಯನ್ನು ಬೆರಳಿನಿಂದ ತಟ್ಟಿದಳು, ಮತ್ತೆ ತುಟಿಗಳನ್ನು ನೋಡಿದಳು. ಅಂಗಳದಲ್ಲಿ ಸೈಕಲ್ಲಿನ ಗಂಟೆ ಬಾರಿಸಿದಾಗ, ಹಾಲಿನವ ಬಂದ ಎಂದು ತಾನೇ ಹೇಳಿದಳು. ಅಪ್ಪ ಮಾತಾಡಿದರೆ ಉತ್ತರ ಕೊಟ್ಟಳು. ಅಜ್ಜಿ ಮುಂದೆ ಬಂದು ಕೂತು ಎರಡೂ ಕೈ ಹಿಡಿದು ಮಾತಾಡಿದರೆ, ಅಜ್ಜಿಯ ತುಟಿಗಳನ್ನೂ ಹಾಗೆಯೇ ನೋಡಿದಳು. ಲೋಕದ ಸದ್ದುಗಳಲ್ಲಿ ಎರಡೇ ಎರಡು ಕಾಣೆಯಾಗಿದ್ದವು, ಅವ್ವನದು ಮತ್ತು ಅಜ್ಜಿಯದು.

ನೀಲಗಂಗಾ ಪಾಟೀಚೀಲದಿಂದ ಪಾಟಿ ತೆಗೆದು, “ನನ್ನ ದನಿ ಕೇಳಸ್ತದೇನು?” ಎಂದು ಬರೆದಳು. ಮುಕ್ತಾ ಇಲ್ಲವೆಂದು ತಲೆಯಾಡಿಸಿದಳು. ಬಳಿಕ ಬಾಯಿ ತೆರೆದು, “ಯವ್ವಾ, ಒಂದ್ ಕೇಳ್ಲೇನು?” ಎಂದಳು. ಏನು ಎಂಬಂತೆ ನೀಲಗಂಗಾ ಹುಬ್ಬು ಎತ್ತಿದರೆ, ಆಮೇಲೆ ಎಂದು ಚಾದರ ಮಡಚತೊಡಗಿದಳು. ಹದಿನೈದು ದಿನದಿಂದ ಅವಳದು ಇದೇ ಆಟ. ಕೇಳುತ್ತೇನೆ ಅನ್ನುವುದು, ಅವ್ವನನ್ನೊಮ್ಮೆ ಅಜ್ಜಿಯನ್ನೊಮ್ಮೆ ನೋಡುವುದು, ಕೇಳದೆ ಬಿಡುವುದು.

ಈ ಮಗು ಹುಟ್ಟಿದಾಗ ಅದರ ಕಿವಿಗೆ ಯಾವ ಸದ್ದೂ ಇರಲಿಲ್ಲ. ನಾಲ್ಕನೆಯ ವರ್ಷಕ್ಕೆ ಕಿವಿಮಣಿ ಹಾಕಿಸಿದರು. ಕಡಲೆಕಾಳಿನಷ್ಟು ದೊಡ್ಡ ಯಂತ್ರ ಅದು. ಹೊರಗಿನ ಸದ್ದನ್ನು ಹಿಡಿದು ನರಕ್ಕೆ ಮುಟ್ಟಿಸುತ್ತದೆ. ಮುಟ್ಟಿಸಿದೊಡನೆ ಅರ್ಥವಾಗುತ್ತದೆ ಎಂದೇನಿಲ್ಲ. ಮೊದಲ ದಿನಗಳಲ್ಲಿ ಮುಕ್ತಾಳಿಗೆ ಮಳೆ, ಮಾತು, ಮಿಕ್ಸಿ ಎಲ್ಲವೂ ಹಿಟ್ಟಿನ ಗಿರಣಿಯ ಒಂದೇ ಗದ್ದಲ. ಆ ಗದ್ದಲದಿಂದ ಒಂದೊಂದೇ ಸದ್ದನ್ನು ಬಿಡಿಸಿ, ಇದು ನೀರು, ಇದು ಬಾಗಿಲು, ಇದು ಅವ್ವ ಎಂದು ಕಲಿಯುವುದಕ್ಕೆ ಮೂರು ವರ್ಷ ಹಿಡಿಯಿತು. ಮಗುವಿನ ಜತೆಗೆ ಮಣಿಯೂ ಕಲಿಯಿತು. ಕಲಿತದ್ದೆಲ್ಲ ಮಣಿಯೊಳಗೇ ಇತ್ತು.

ಕಿವಿಗೆ ನೇರವಾಗಿ ತೆರೆಯುವ ಬಾಗಿಲು ಎಂದರೆ ಕಾವಲು ಬೇಕೇ ಬೇಕು. ಯಾರು ಬೇಕಾದರೂ ಒಳಹೊಕ್ಕು ಮಗುವಿನ ತಲೆಯಲ್ಲಿ ಪಿಸುಗುಟ್ಟಬಾರದು. ಅದಕ್ಕೆ ಕಂಪನಿಯವರು ಮಣಿಯೊಳಗೇ ಒಂದು ಕಾವಲಿನ ಸಾಫ್ಟ್‌ವೇರ್ ಇಟ್ಟು ಕಳಿಸುತ್ತಾರೆ, ಹೆಸರು ದ್ವಾರಪಾಲ. ಅದು ಮೊದಲ ದಿನ ನೀಲಗಂಗಾಳ ದನಿ ಕೇಳಿ, ಇವಳೇ ನನ್ನ ಒಡತಿ ಎಂದು ಗುರುತು ಹಾಕಿಕೊಂಡಿತ್ತು. ಬರುವ ಪ್ರತಿ ಸದ್ದನ್ನೂ ತಡೆದು, ನೋಡಿ, ಮುದ್ರೆ ಒತ್ತಿ ಒಳಗೆ ಬಿಡುವುದು ಅದರ ಕೆಲಸ.

ಎಲ್ಲ ಚೆನ್ನಾಗಿಯೇ ಇತ್ತು, ಮುಕ್ತಾ ಒಂದು ದಿನ ಚುಕ್ಕಿ ಬಿಸ್ಕತ್ತು ಬೇಕು ಎಂದು ಹಟ ಹಿಡಿಯುವ ತನಕ. ಅಂಥ ಬಿಸ್ಕತ್ತು ಅವರಿದ್ದ ಬೆಟಗೇರಿಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಎಂಟು ದಿನದ ಮೇಲೆ ಬಂತು. ಬರುವ ಮೊದಲೇ ಮಗುವಿಗೆ ಹೆಸರು ಹೇಳಿಕೊಟ್ಟವರು ಯಾರು? ಕಂಪನಿಯವರು ತಮ್ಮ ಪೈಕಿಯವರಿಗಾಗಿ ಕಾವಲಿನಲ್ಲಿ ಸಣ್ಣದೊಂದು ಕಿಟಕಿ ಬಿಟ್ಟಿದ್ದರು, ಜಾಹೀರಾತು ಅದರಿಂದ ಮಗುವಿನ ಕಿವಿಗೆ ನುಸುಳುತ್ತಿತ್ತು. ಇದು ತಿಳಿದ ತಾಯಂದಿರು ಅಲ್ಲಲ್ಲಿ ಸಂಘ ಕಟ್ಟಿಕೊಂಡರು. ಅವರಲ್ಲಿ ಓದಿದವರು ಸೇರಿ ಬೇರೊಂದು ಕಾವಲು ಬರೆದು, ಬೇಲಿ ಎಂದು ಹೆಸರಿಟ್ಟು, ಬೇಕಾದವರಿಗೆಲ್ಲ ಹಂಚಿದರು. ನೀಲಗಂಗಾ ಅದನ್ನು ಆರಿಸಿ ಮಗಳ ಮಣಿಗೆ ಹಾಕಿಸಿದಳು. ಹಳೆಯದನ್ನು ತೆಗೆಯಲು ಬರುತ್ತಿರಲಿಲ್ಲ. ಕಲಿಕೆ ಮತ್ತು ಕಾವಲು ಎರಡನ್ನೂ ಕಂಪನಿ ಒಂದೇ ಗಂಟಿನಲ್ಲಿ ಕಟ್ಟಿತ್ತು. ಹಾಗಾಗಿ ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರು.

ಆಗ ಬಾಳವ್ವ ಮಗಳ ಮನೆಗೆಂದು ನರೇಗಲ್ಲಿಗೆ ಹೋಗಿದ್ದಳು. ಮನೆಗೆ ಹೊಸದೇನು ಬಂದರೂ ಮೊದಲು ಹಿರಿಯರ ಕೈ ಮುಟ್ಟಬೇಕು ಎಂಬುದು ಆ ಮನೆಯ ರೂಢಿ. ಹೊಸ ಬೀಸುವ ಯಂತ್ರದಿಂದ ಹಿಡಿದು ಹೊಸ ಪೊರಕೆಯವರೆಗೆ. ಒಡತಿಯ ದನಿ ಕೊಡಿ ಎಂದು ಬೇಲಿ ಕೇಳಿದಾಗ ನೀಲಗಂಗಾ ತನ್ನದನ್ನು ಕೊಡಲಿಲ್ಲ. ಅತ್ತೆ ಬರಲಿ, ಅವರ ದನಿಯೇ ಮೊದಲು ಸೇರಲಿ ಎಂದು ಆ ಜಾಗ ಖಾಲಿ ಬಿಟ್ಟಳು. ಅವಳಿಗೆ ಅದು ಮರ್ಯಾದೆ. ಊರಿನಿಂದ ಬಂದ ಬಾಳವ್ವನಿಗೆ ಮಾತ್ರ ಸುದ್ದಿ ತಿಳಿದದ್ದು ಮೊಮ್ಮಗಳ ಬಾಯಿಂದ, ಅದೂ ಎಲ್ಲ ಮುಗಿದ ಮೇಲೆ. ಅವಳು ಮೂರು ವರ್ಷ ಆ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದೊಂದು ಸದ್ದು ಕಲಿಸಿದವಳು. ಬೇಲಿಗೆ ದನಿಯನ್ನೇನೋ ಕೊಟ್ಟಳು. “ಚಲೋತ್ನಂಗ ಕಾಯಪ್ಪಾ” ಅಂದಳು. ಆಮೇಲೆ ಸೊಸೆಯ ಕಡೆ ನೋಡದೆ ಮುಕ್ತಾಳಿಗೆ, “ನಿಮ್ಮವ್ವಗ ಹೇಳು, ಈ ಮನ್ಯಾಗ ನಾನೂ ಒಬ್ಬಾಕಿ ಅದೇನಿ ಅಂತ” ಎಂದಳು.

ರೊಟ್ಟಿ ಸೀದ ದಿನಕ್ಕೆ ಅವರಿಬ್ಬರ ಮಾತು ನಿಂತು ಹತ್ತೊಂಬತ್ತು ದಿನ. ಜಗಳ ಅನ್ನುವಂಥ ಜಗಳವಲ್ಲ. ಪಾತ್ರೆ ಎಸೆಯಲಿಲ್ಲ, ಬಾಗಿಲು ಬಡಿಯಲಿಲ್ಲ. ಹೇಳುವುದೆಲ್ಲ ಮುಕ್ತಾಳ ಮೂಲಕ, ಅಷ್ಟೇ. ನಿಮ್ಮವ್ವಗ ಹೇಳು, ನಿಮ್ಮಜ್ಜಿಗೆ ಹೇಳು. ಮುಕ್ತಾ ಇಲ್ಲದಾಗ ಇಬ್ಬರೂ ಗೋಡೆಗೆ ಹೇಳುತ್ತಿದ್ದರು. ರೊಟ್ಟಿ ಮಾತ್ರ ನಿಂತಿರಲಿಲ್ಲ. ಬೆಳಗಾದರೆ ಸೊಸೆ ಬಡಿಯುವುದು, ಅತ್ತೆ ಬೇಯಿಸುವುದು ಮೊದಲಿನಂತೆಯೇ ನಡೆದಿತ್ತು. ಹಂಚು ಖಾಲಿಯಾದರೆ ಬಾಳವ್ವ ಇಕ್ಕಳದಿಂದ ಅದರ ಅಂಚಿಗೆ ಎರಡು ಸಲ ಟಣ್ ಟಣ್ ಎನ್ನಿಸುವಳು. ಇತ್ತ ನೀಲಗಂಗಾ ಕೊನೆಯ ಎರಡು ಬಡಿತ ಹೊಡೆದು ರೊಟ್ಟಿಯನ್ನು ಮುಂಗೈ ಮೇಲೆ ಎತ್ತಿ ಕೊಡುವಳು.

ಗದಗಿನ ಶ್ರವಣ ಕೇಂದ್ರಕ್ಕೆ ನಾಲ್ವರೂ ಒಂದೇ ಟಂಟಂ ರಿಕ್ಷಾದಲ್ಲಿ ಹೋದರು. ಫಕೀರೇಶನ ಗತಿ ನೋಡುವಂತಿರಲಿಲ್ಲ. ಅವನು ಮಗ್ಗದ ಸೊಸೈಟಿಯಲ್ಲಿ ಕೆಲಸ ಮಾಡುವವ. ಇಪ್ಪತ್ತು ಮಗ್ಗಗಳ ಗದ್ದಲದಲ್ಲಿ ಹುಬ್ಬು, ಬೆರಳುಗಳಿಂದಲೇ ಮಾತು ಮುಗಿಸಿ ರೂಢಿ, ದಿನಕ್ಕೆ ಹತ್ತು ವಾಕ್ಯ ಆಡಿದರೆ ಹೆಚ್ಚು. ಈಗ ಮನೆಯವರ ಪೈಕಿ ಮಗಳಿಗೆ ಕೇಳಿಸುತ್ತಿದ್ದುದು ಅವನ ದನಿಯೊಂದೇ. ಹೆಂಡತಿ ಹೇಳಿದ್ದನ್ನು ಮಗಳಿಗೆ, ತಾಯಿ ಹೇಳಿದ್ದನ್ನು ಮಗಳಿಗೆ, ನಡುನಡುವೆ ತಾಯಿಯದನ್ನು ಹೆಂಡತಿಗೆ. ರೈಲು ನಿಲ್ದಾಣ ದಾಟುವಷ್ಟರಲ್ಲಿ ಅವನ ಗಂಟಲು ಕಟ್ಟಿತು.

“ಈ ತಿಂಗಳದ್ದೆಲ್ಲಾ ಇವತ್ತ ಮಾತಾಡಿ ಮುಗಿಸೇನಿ,” ಎಂದು ಅವನು ಇಳಿಯುವಾಗ ಹೇಳಿದ.

ಕೇಂದ್ರದ ತಂತ್ರಜ್ಞೆ ನಸೀಮಾ ಮುಲ್ಲಾ ಮುಕ್ತಾಳಿಗೆ ಮೊದಲ ದಿನದಿಂದ ಗೊತ್ತು. ದುಂಡು ಮುಖದ, ಸದಾ ಚಹಾದ ಕಪ್ಪು ಹಿಡಿದಿರುವ ಹೆಣ್ಣುಮಗಳು. ಅವಳು ಮಗುವನ್ನು ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿ, ಮಣಿಗೆ ತಂತಿ ಜೋಡಿಸಿ, ಪರದೆಯ ಮುಂದೆ ಕೂತಳು. ಪರದೆಯ ಮೇಲೆ ನೀಲಿ ಗೆರೆ ದ್ವಾರಪಾಲನದು, ಹಳದಿ ಗೆರೆ ಬೇಲಿಯದು. ಗಂಡಸಿನ ದನಿ, ಗಂಟೆ, ನೀರು ಯಾವುದು ಬಂದರೂ ಎರಡೂ ಗೆರೆ ಮೆಲ್ಲಗೆ ಅಲ್ಲಾಡಿ ದಾರಿ ಬಿಟ್ಟವು. ನೀಲಗಂಗಾ ಮಾತಾಡಿದರೆ ಹಳದಿ ಗೆರೆ ಮುಳ್ಳಿನಂತೆ ಎದ್ದಿತು. ಬಾಳವ್ವ ಮಾತಾಡಿದರೆ ನೀಲಿ ಗೆರೆ ಎದ್ದಿತು.

ನಸೀಮಾ ಕಪ್ಪು ಕೆಳಗಿಟ್ಟಳು. ಅವಳು ಹೇಳಿದ್ದು ಇಷ್ಟು. ಬಾಗಿಲಲ್ಲಿ ನಿಂತು ಬಂದದ್ದನ್ನೆಲ್ಲ ತಡೆದು ನೋಡುವುದು ಕಾವಲುಗಾರನ ಕೆಲಸ. ಕಳ್ಳನೂ ಅದನ್ನೇ ಮಾಡುತ್ತಾನೆ. ಆದ್ದರಿಂದ ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ಎದುರಾದರೆ ಒಬ್ಬನಿಗೆ ಇನ್ನೊಬ್ಬ ಕಳ್ಳನಂತೆಯೇ ಕಾಣುತ್ತಾನೆ. ಇದು ಎಲ್ಲ ಮನೆಗಳಲ್ಲೂ ಆಗುವಂಥದ್ದು, ನಾಲ್ಕು ದಿನ ಗುರುಗುಟ್ಟಿ ಹೊಂದಿಕೊಳ್ಳುತ್ತವೆ. ಇಲ್ಲಿಯೂ ಹೊಂದಿಕೊಂಡಿದ್ದವು. ಹಾಗಿದ್ದರೆ ಹತ್ತೊಂಬತ್ತನೆಯ ದಿನ ಈ ಯುದ್ಧ ಯಾಕೆ?

ಮುಂದಿನ ಮಾತನ್ನು ಅವಳು ಸ್ವಲ್ಪ ತಡೆದು ಹೇಳಿದಳು. ಒಡತಿಯ ದನಿ ಹನ್ನೆರಡು ತಾಸು ಸಿಗದೆ ಹೋದರೆ, ಮಣಿ ಕಳವಾಗಿದೆ ಎಂದು ದ್ವಾರಪಾಲ ತಿಳಿಯುತ್ತದೆ. ತಿಳಿದು, ಕಲಿತದ್ದನ್ನೆಲ್ಲ ಅಳಿಸಿ, ಮೊದಲ ದಿನಕ್ಕೆ ಹೋಗಿ ಕೂರುತ್ತದೆ. ಅವ್ವನ ದನಿ ನಿಂತದ್ದು ಬೆಳಗಿನ ಆರಕ್ಕೆ. ಸಂಜೆ ಆರರೊಳಗೆ ಇವೆರಡೂ ರಾಜಿಯಾಗದಿದ್ದರೆ ಮೂರು ವರ್ಷದ ಕಲಿಕೆ ಹೋಗುತ್ತದೆ. ಬೇಲಿಯನ್ನು ತೆಗೆದುಬಿಡಿ ಎಂದು ನೀಲಗಂಗಾ ಕೂಡಲೇ ಹೇಳಿದಳು. ತೆಗೆಯಲು ಅದರ ಒಡತಿ ಹೇಳಬೇಕು ಎಂದಳು ನಸೀಮಾ. ಒಡತಿ ಬಾಳವ್ವ. ಅವಳ ದನಿಯನ್ನು ನೀಲಿ ಗೆರೆ ಹೊಸ್ತಿಲಲ್ಲೇ ಹಿಡಿದು ನಿಲ್ಲಿಸುತ್ತಿತ್ತು.

ಮತ್ತೆ ಗಿರಣಿಯ ಗದ್ದಲ. ಗಾಜಿನಾಚೆ ಮುಕ್ತಾ ಕಾಲು ಕುಣಿಸುತ್ತ ಪಾಟಿಯ ಮೇಲೆ ಹಲ್ಲಿಯ ಚಿತ್ರ ಬರೆಯುತ್ತಿದ್ದಳು. ನೀಲಗಂಗಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬೆಂಚಿನ ಆ ತುದಿಯಲ್ಲಿ ಬಾಳವ್ವ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಹನ್ನೊಂದೂವರೆ.

ನಸೀಮಾ ಕಾವಲುಗಳ ದಿನಚರಿ ತೆಗೆದಳು. ಕಿವಿಮಣಿ ಒಳಗೆ ಹೋದದ್ದನ್ನಷ್ಟೇ ಅಲ್ಲ, ದವಡೆಯ ಎಲುಬಿನ ಮೂಲಕ ಮಗು ಆಡಿದ್ದನ್ನೂ ಕೇಳುತ್ತದೆ. ಒಡತಿ ಹೇಳಿದ ಮಾತನ್ನು ಯಾರೂ ನಡುವೆ ತಿದ್ದಬಾರದು ಎಂಬುದು ಎರಡೂ ಕಾವಲುಗಳ ದೊಡ್ಡ ನಿಯಮ. ಅದಕ್ಕೆ ಒಳಗೆ ಹೋದ ಮಾತನ್ನೂ ಹೊರಗೆ ಬಂದ ಮಾತನ್ನೂ ಅವು ತಾಳೆ ನೋಡುತ್ತವೆ. ನಸೀಮಾ ಓದುತ್ತ ಹೋದವಳು ಬಾಯಿಗೆ ಕೈ ಹಿಡಿದು ನಗತೊಡಗಿದಳು.

“ಅಕ್ಕಾರ, ನಿಮ್ಮ ಮನಿ ಗುಟ್ಟು. ನೀವ ಓದ್ರಿ,” ಎಂದು ಪರದೆಯನ್ನು ನೀಲಗಂಗಾಳ ಕಡೆ ತಿರುಗಿಸಿದಳು.

ಒಂದು ಕಡೆ ಅಜ್ಜಿ ಮಗುವಿಗೆ ಹೇಳಿದ್ದು, ಪಕ್ಕದಲ್ಲಿ ಮಗು ಅವ್ವನಿಗೆ ಮುಟ್ಟಿಸಿದ್ದು. ಅಜ್ಜಿ ಹೇಳಿದ್ದು, ನಿಮ್ಮವ್ವಗ ಹೇಳು, ಸಾರಿಗೆ ಉಪ್ಪಿಲ್ಲ. ಮಗು ಮುಟ್ಟಿಸಿದ್ದು, ಅಜ್ಜಿಗೆ ಸಾರು ಭಾಳ ಸೇರೇತಿ, ಒಂದೀಟು ಉಪ್ಪು ಬಿದ್ದರ ತಾಟ ನೆಕ್ಕತಾಳಂತ. ಅವ್ವ ಹೇಳಿದ್ದು, ನಿಮ್ಮಜ್ಜಿಗೆ ಹೇಳು, ಉಣ್ಣೂದಿದ್ರ ಬರ್ಲಿ. ಮಗು ಮುಟ್ಟಿಸಿದ್ದು, ನೀ ಬರೂಮಟಾ ಅವ್ವ ತುತ್ತು ಎತ್ತೂದಿಲ್ಲಂತ. ಹೀಗೆ ಹತ್ತೊಂಬತ್ತು ದಿನ. ಒಂದು ಮಾತೂ ಹೋದಂತೆ ಬಂದಿರಲಿಲ್ಲ. ಎಲ್ಲದಕ್ಕೂ ಬೆಲ್ಲ ಹಚ್ಚಿತ್ತು.

ನೀಲಗಂಗಾಳಿಗೆ ಆ ದಿನ ಸಾರಿಗೆ ಉಪ್ಪು ಹಾಕುತ್ತ ತಾನು ಮನಸ್ಸಿನಲ್ಲೇ ನಕ್ಕದ್ದು ನೆನಪಾಯಿತು. ಮಾತಾಡದಿದ್ದರೇನು, ಅತ್ತೆಯ ಸಿಟ್ಟು ಇಳಿಯುತ್ತಿದೆ ಅಂದುಕೊಂಡಿದ್ದಳು.

ಕಾವಲುಗಳಿಗೆ ಬೆಲ್ಲದ ರುಚಿ ಗೊತ್ತಿಲ್ಲ. ನನ್ನ ಒಡತಿಯ ಮಾತನ್ನು ಯಾರೋ ತಿದ್ದುತ್ತಿದ್ದಾರೆ ಎಂದಷ್ಟೇ ದ್ವಾರಪಾಲ ನೋಡಿತು. ತಾನು ತಿದ್ದಿಲ್ಲ, ಬಾಗಿಲಲ್ಲಿ ಇರುವ ಇನ್ನೊಬ್ಬ ಬೇಲಿ, ಹಾಗಾದರೆ ಅವನೇ. ಬೇಲಿಯೂ ತನ್ನ ಒಡತಿಯ ಮಾತಿನ ಬಗ್ಗೆ ಹಾಗೆಯೇ ಲೆಕ್ಕ ಹಾಕಿ ದ್ವಾರಪಾಲನ ಕಡೆ ಬೆರಳು ತೋರಿಸಿತು. ಹತ್ತೊಂಬತ್ತು ದಿನ ತಾಳ್ಮೆಯಿಂದ ನೋಡಿ, ಈ ಬೆಳಿಗ್ಗೆ ಎರಡೂ ಒಮ್ಮೆಗೇ ಎದುರಿನವನ ಒಡತಿಯನ್ನು ಹೊರಗೆ ನಿಲ್ಲಿಸಿದವು. ನಡುವೆ ಕೂತು ಮಾತು ತಿದ್ದುತ್ತಿದ್ದ ಮೂರನೆಯ ಕಾವಲೊಂದಿದೆ, ಅದಕ್ಕೆ ಎರಡು ಜಡೆ ಇವೆ ಎಂದು ಎರಡಕ್ಕೂ ಹೊಳೆಯಲಿಲ್ಲ.

ಪರದೆಯ ಕೊನೆಗೆ ಹನ್ನೊಂದನೆಯ ದಿನದ ಒಂದು ಸಾಲು ಬೇರೆಯೇ ಇತ್ತು. ಅಜ್ಜಿ ಹೇಳಿದ್ದು, ನಿಮ್ಮವ್ವನ ಕೈ ಹಂಚಿಗೆ ತಾಗಿದ್ದು ಭಾಳ ಸುಟ್ಟೇತೇನು ನೋಡಿ ಬಾ, ನಾ ಕೇಳಿದೆ ಅಂತ ಹೇಳಬ್ಯಾಡ. ಮಗು ಮುಟ್ಟಿಸಿದ್ದು ಖಾಲಿ. ಆ ಸಂಜೆ ಮುಕ್ತಾ ಬಂದು ಸುಮ್ಮನೆ ಅವ್ವನ ಅಂಗೈ ಮಗುಚಿ ನೋಡಿ ಓಡಿಹೋದದ್ದು, ಮಾರನೆಯ ದಿನ ಒಲೆಯ ಪಕ್ಕ ಬೆಣ್ಣೆಯ ಬಟ್ಟಲು ಇದ್ದದ್ದು, ಎರಡೂ ನೀಲಗಂಗಾಳ ಮನಸ್ಸಿನಲ್ಲಿ ಈಗ ಒಂದಕ್ಕೊಂದು ಕೂಡಿಕೊಂಡವು. ಅವಳು ಬೆಂಚಿನ ಆ ತುದಿಯ ಕಡೆ ನೋಡಿದಳು. ಬಾಳವ್ವನೂ ನಸೀಮಾ ಕೊಟ್ಟ ಇನ್ನೊಂದು ಪರದೆಯಲ್ಲಿ ಕಣ್ಣು ಕಿರಿದು ಮಾಡಿ ಓದುತ್ತಿದ್ದಳು. ಓದಿ ಮುಗಿಸಿ, ಸೆರಗಿನಿಂದ ಕನ್ನಡಕ ಒರೆಸಿ, ನೀರು ಕೊಡು ಎಂದು ಮಗನಿಗೆ ಹೇಳಿದಳು.

ಕಾರಣ ಸಿಕ್ಕಿತು, ಕೆಲಸ ಉಳಿಯಿತು. ಕಾವಲುಗಳಿಗೆ ಮಗು ತಿದ್ದಿದ್ದು ಎಂದು ವಿವರಿಸಿ ಪ್ರಯೋಜನವಿಲ್ಲ, ಅವು ಒಡತಿಯ ಮಾತು ಬಿಟ್ಟು ಬೇರೆಯವರದು ಕೇಳುವುದಿಲ್ಲ. ಒಡತಿಯರ ಮಾತು ಬಾಗಿಲು ದಾಟುವುದಿಲ್ಲ. ಇಂಥದ್ದಕ್ಕೆ ಸಾಕ್ಷಿ ಸದ್ದು ಎಂಬ ಒಂದು ದಾರಿ ಇದೆ ಎಂದಳು ನಸೀಮಾ. ಇಬ್ಬರು ಒಡತಿಯರೂ ಒಟ್ಟಿಗೆ ಮಾಡುವ, ಮಾತಲ್ಲದ ಒಂದು ಸದ್ದು ಬೇಕು. ಎರಡೂ ಕಾವಲು ಅದನ್ನು ದಿನಾ ಕೇಳಿ ಇದು ನಮ್ಮ ಮನೆಯದು ಎಂದು ಒಪ್ಪಿರಬೇಕು. ಆ ಸದ್ದು ಎರಡೂ ಬಾಗಿಲು ದಾಟಿ ಒಳಗೆ ಬಂದರೆ, ಆಚೆಯವನ ಒಡತಿಯೂ ಮನೆಯವಳೇ ಎಂದು ಅವುಗಳಿಗೆ ಗೊತ್ತಾಗುತ್ತದೆ. ಚಪ್ಪಾಳೆ ಹೊಡೆದು ನೋಡಿದರು. ಚಪ್ಪಾಳೆಯನ್ನು ಯಾರಾದರೂ ಹೊಡೆಯುತ್ತಾರೆ, ಗೆರೆಗಳು ಜಗ್ಗಲಿಲ್ಲ.

ನಸೀಮಾ ಹಳೆಯ ಕಡತ ತೆಗೆದಳು. ಮಣಿ ಹಾಕಿದ ಮೊದಲ ವಾರ ಇಲ್ಲಿ ಗಂಟೆ ಬಾರಿಸಿದರು, ಡೋಲು ಬಡಿದರು, ಮಗು ಯಾವುದಕ್ಕೂ ತಿರುಗಿರಲಿಲ್ಲ. ಎಂಟನೆಯ ದಿನದ ಕೆಳಗೆ ನೀಲಗಂಗಾಳ ಅಕ್ಷರವೇ ಇತ್ತು: “ಇವತ್ತು ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ತಿರುಗಿ ನೋಡಿದಳು.” ಬೇಲಿಯ ದಿನಚರಿಯಲ್ಲಿ ನಂಬಿಗಸ್ತ ಸದ್ದುಗಳ ಪಟ್ಟಿಯ ತುದಿಯಲ್ಲಿ ಹೆಸರಿಲ್ಲದ ಒಂದಿತ್ತು. ನಸೀಮಾ ಅದನ್ನು ಹಾಕಿ ಕೇಳಿಸಿದಳು. ತಪ ತಪ ತಪ ತಪ, ಟಣ್ ಟಣ್, ತಪ್ ತಪ್. ಕಸ ಗುಡಿಸುವ ಹೆಂಗಸು ಬಾಗಿಲಲ್ಲಿ ನಿಂತು, ಯಾರ ಮನ್ಯಾಗ ರೊಟ್ಟಿ ಎಂದು ಕೇಳಿದಳು.

ಧ್ವನಿಮುದ್ರಣ ನಡೆಯುವುದಿಲ್ಲ, ಕಳ್ಳರು ತರುವುದೇ ಅದನ್ನು. ರೊಟ್ಟಿ ಬಡಿಯುವ ಮರದ ಕೊಣಮಿಗೆ ಬೇರೆಯವರದಾದರೂ ಆಗದು. ಮರ ಬೇರೆಯಾದರೆ ಸದ್ದು ಬೇರೆ. ಫಕೀರೇಶ ಟಂಟಂ ಹಿಡಿದು ಹೋಗಿ, ಎರಡು ಗಂಟೆಯ ಹೊತ್ತಿಗೆ ಮನೆಯ ಕೊಣಮಿಗೆ, ಹಂಚು, ಇಕ್ಕಳ ಹೊತ್ತು ತಂದ. ಹಿಟ್ಟು ಮರೆತಿದ್ದ. ಅವನು ಮತ್ತೆ ಹೋಗಿ ಬರುವುದರಲ್ಲಿ ಮೂರೂವರೆ.

ಕೇಂದ್ರದ ಚಹಾದ ಕೋಣೆಯಲ್ಲಿ ಒಲೆ ಹಚ್ಚಿದರು. ಮುಕ್ತಾಳನ್ನು ಪಕ್ಕದಲ್ಲಿ ಕೂಡಿಸಿ ತಂತಿ ಜೋಡಿಸಿದರು. ಕೇಂದ್ರದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೀಲಗಂಗಾ ನಾಲ್ಕು ಮಂದಿ ನೋಡುತ್ತಾರೆಂದು ಅಳತೆ ಇಟ್ಟ ಹಾಗೆ ಬಡಿದಳು. ಬಾಳವ್ವ, ಕಚೇರಿಯಲ್ಲಿ ಸಪ್ಪಳ ಮಾಡಬಾರದೆಂದು ಇಕ್ಕಳವನ್ನು ಮೆತ್ತಗೆ ಕೆಳಗಿಟ್ಟಳು. ರೊಟ್ಟಿ ಚಂದ್ರನ ಹಾಗೆ ದುಂಡಗೆ ಬಂತು. ಗೆರೆಗಳು ಮುಳ್ಳಾಗಿಯೇ ನಿಂತವು. ಎರಡನೆಯದು, ಮೂರನೆಯದು. ನಾಲ್ಕೂವರೆ. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡದೆ, ಸಭೆಗೆ ಹಾಡುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಾಲ್ಕನೆಯ ರೊಟ್ಟಿ ಅಂಚಿನಲ್ಲಿ ಸೀಳಿತು.

ಆಗ ಮುಕ್ತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು, “ನಂಗ ಹಸಿವ್ಯಾಗೇತಿ.”

ಹೌದಲ್ಲ, ಬೆಳಗಿನಿಂದ ಮಗು ಏನೂ ತಿಂದಿರಲಿಲ್ಲ. ನೀಲಗಂಗಾಳ ತಲೆಯಿಂದ ಕಾವಲು, ಗಡಿಯಾರ, ಬಾಗಿಲಲ್ಲಿ ನಿಂತವರು ಎಲ್ಲ ಒಮ್ಮೆಗೇ ಹೋಯಿತು. ಸೀಳಿದ ರೊಟ್ಟಿಯನ್ನು ಮುದ್ದೆ ಮಾಡಿ, ಹಿಟ್ಟು ಉದುರಿಸಿ, ಸೆರಗು ಸಿಕ್ಕಿಸಿ ಬಡಿಯತೊಡಗಿದಳು, ತಪ ತಪ ತಪ ತಪ. ಬಾಳವ್ವ ಹಂಚಿಗೆ ನೀರು ಚಿಮುಕಿಸಿ ನೋಡಿದಳು, ಚುಂಯ್ ಎಂದಿತು. ಹಸಿದ ಮಗುವಿನ ಮುಂದೆ ಖಾಲಿ ಹಂಚು ಅವಳಿಗೆ ಸಹಿಸದು. ಇಕ್ಕಳ ಎತ್ತಿ ಅಂಚಿಗೆ ಹೊಡೆದಳು, ಟಣ್ ಟಣ್. ತಪ್ ತಪ್ ಎಂದು ಕೊನೆಯ ಎರಡು ಬಿದ್ದವು, ರೊಟ್ಟಿ ಮುಂಗೈ ಮೇಲೆ ಹಾರಿ ಹಂಚಿಗೆ ಬಂತು. ಅದು ಉಬ್ಬುವ ಮೊದಲೇ ಇನ್ನೊಂದು. ಟಣ್ ಟಣ್. ತಪ್ ತಪ್.

ಮುಕ್ತಾಳ ತಲೆ ಆ ತಾಳಕ್ಕೆ ತಾನಾಗಿ ಅಲ್ಲಾಡತೊಡಗಿತು. ಪರದೆಯ ಮೇಲೆ ನೀಲಿ ಮುಳ್ಳು ಬಾಗಿತು, ಹಳದಿಯೂ ಬಾಗಿತು. ಎರಡೂ ಗೆರೆಗಳು ಮೆಲ್ಲಗೆ ಹತ್ತಿರ ಬಂದು ಅಕ್ಕಪಕ್ಕ ಹರಿಯತೊಡಗಿದವು. ನಸೀಮಾ ಸದ್ದು ಮಾಡದೆ ಬೆರಳು ಎತ್ತಿ ತೋರಿಸಿದಳು. ಗಡಿಯಾರ ಐದಕ್ಕೆ ಹತ್ತು ನಿಮಿಷ ಎನ್ನುತ್ತಿತ್ತು.

ನೀಲಗಂಗಾಳಿಗೆ ಮಗಳ ಹೆಸರು ಕರೆಯಲು ಅಂಜಿಕೆಯಾಯಿತು. ಮೆಲ್ಲನೆಯ ದನಿಯಲ್ಲಿ, “ಮುಕ್ತಾ” ಅಂದಳು.

ಮುಕ್ತಾ ಹೊರಳಿದಳು. ಮುಖ ಅರಳಿತು. ಆಮೇಲೆ ಬಾಳವ್ವ ಕರೆದಳು. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ಮಗನಿಗೂ ಗೊತ್ತಿರಲಿಲ್ಲ. ಮುಕ್ತಾ ಅತ್ತಲೂ ಹೊರಳಿದಳು. ಫಕೀರೇಶ ಗೋಡೆಗೆ ಒರಗಿ, ಇನ್ನು ತಾನು ಸುಮ್ಮನಿರಬಹುದೇ ಎಂದು ಹುಬ್ಬಿನಿಂದ ಕೇಳಿದ.

ಇನ್ನು ಮುಂದೆ 'ನಿಮ್ಮವ್ವಗ ಹೇಳು' ಕೊಂಚ ಕಡಿಮೆಯಾದರೆ ಒಳ್ಳೆಯದು ಎಂದು ನಸೀಮಾ ತಂತಿ ಸುತ್ತುತ್ತ ಹೇಳಿದಳು, ಯಾರ ಮುಖವನ್ನೂ ನೋಡದೆ. ಮಗು ಆಡುವ ಮಾತು ಮಗುವಿನದು, ಅದನ್ನು ತಾಳೆ ನೋಡಬೇಡಿ ಎಂದು ಎರಡೂ ಕಾವಲುಗಳಿಗೆ ಅವುಗಳ ಒಡತಿಯರಿಂದಲೇ ಹೇಳಿಸಿಟ್ಟಿದ್ದಳು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಎಲ್ಲಿಂದಲೋ ಬಂತು. ಕೇಂದ್ರದವರೆಲ್ಲ ನಿಂತುಕೊಂಡೇ ತಿಂದರು. ಮುಕ್ತಾ ನೆಲದ ಮೇಲೆ, ಅವ್ವ ಅಜ್ಜಿಯರ ನಡುವೆ ಚಕ್ಕಂಬಕ್ಕಳ ಹಾಕಿ ಕೂತು ಎರಡನೆಯ ರೊಟ್ಟಿ ಮುರಿದಳು.

ನಸೀಮಾಳ ತಾಟು ಖಾಲಿಯಾದದ್ದು ಬಾಳವ್ವನ ಕಣ್ಣಿಗೆ ಬಿತ್ತು. “ಮುಕ್ತಾ,” ಎಂದಳು ರೂಢಿಯ ಮೇಲೆ, “ನಿಮ್ಮವ್ವಗ ಹೇಳು, ಆಕೀಗೆ ಇನ್ನೊಂದು ಬಡಿ ಅಂತ.”

ಹೇಳಿದ ಮೇಲೆ ಅವಳಿಗೂ ತಿಳಿಯಿತು. ಇಕ್ಕಳ ಕೈಯಲ್ಲೇ ನಿಂತಿತು. ನೀಲಗಂಗಾ ಹಿಟ್ಟಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯನ್ನು ನೋಡುತ್ತ ಕೂತಳು. ತಾನೇ ಹೊರಳಿ, ಬಡೀತೇನ್ರೀ ಅತ್ತಿ ಅನ್ನಬೇಕು ಎಂದು ಗಂಟಲಿನವರೆಗೆ ಬಂದದ್ದು ಅಲ್ಲಿಯೇ ಕೂತಿತ್ತು.

ಮುಕ್ತಾ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. ಅವ್ವನನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿದಳು. ಆ ನೋಟ ನೀಲಗಂಗಾಳಿಗೆ ಗೊತ್ತು, ಈಗಲೂ 'ಆಮೇಲೆ' ಎಂದು ಬಿಡುತ್ತಾಳೆ ಅಂದುಕೊಂಡಳು. ಬಿಡಲಿಲ್ಲ. ಚಟ್ನಿಯ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡು, ಕಿವಿಮಣಿಯನ್ನು ಸರಿಯಾಗಿ ಕೂಡಿಸಿಕೊಂಡು, ಇಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದಳು:

“ನನ್ನ ಕಿವ್ಯಾಗಿನ ಇಬ್ರೂ ಮಾತಾಡಾಕತ್ರಲ್ಲ, ಯವ್ವಾ, ಅಜ್ಜಿ, ನೀವಿಬ್ರೂ ಯಾವಾಗ ಮಾತಾಡ್ತೀರಿ?”